ಹಳೆಯ ಫ್ರಿಜ್ಜೂ ಹೊಸ ಥರ್ಮೋಸ್ಟಾಟೂ

ದುರಸ್ತಿ ಎಂದರೆ ಕೆಟ್ಟ ಭಾಗವನ್ನು ತೆಗೆದು ಒಳ್ಳೆಯ ಭಾಗವನ್ನು ಹಾಕುವುದು ಎಂದು ನಮ್ಮಲ್ಲಿ ಬಹುಮಂದಿ ತಿಳಿದಿದ್ದಾರೆ. ಇದು ಅರ್ಧ ಸತ್ಯ. ಹೊಸದಾಗಿ ಬಂದ ಭಾಗವನ್ನು ಹಳೆಯ ಯಂತ್ರದ ಗುಣಕ್ಕೆ ಹೊಂದಿಸುವುದು ಉಳಿದ ಅರ್ಧ. ಮೊದಲನೆಯ ಕೆಲಸ ಗಂಟೆಯೊಳಗೆ ಮುಗಿಯುತ್ತದೆ. ಎರಡನೆಯದಕ್ಕೆ ಎರಡು ಮೂರು ದಿನ ಬೇಕಾಗುತ್ತದೆ. ಮೊದಲನೆಯದಕ್ಕೆ ನಾವು ಚೌಕಾಸಿ ಮಾಡಿಯಾದರೂ ಹಣ ಕೊಡುತ್ತೇವೆ. ಎರಡನೆಯದು ನಮ್ಮ ಲೆಕ್ಕಕ್ಕೇ ಬರುವುದಿಲ್ಲ. ಇದರ ಫಲವಾಗಿ ಇನ್ನೂ ಕೆಲವು ವರ್ಷ ಬಾಳಬಹುದಾದ ವಸ್ತುಗಳು ಗುಜರಿಯ ಪಾಲಾಗುತ್ತಿವೆ. ಈ ಮಾತನ್ನು ಫ್ರಿಜ್ಜಿನ, ಅದರಲ್ಲಿಯೂ ಅದರೊಳಗಿನ ಥರ್ಮೋಸ್ಟಾಟ್ ಎಂಬ ಅಂಗೈಯಲ್ಲಿ ಅಡಗುವಷ್ಟು ಸಣ್ಣ ಭಾಗದ ಉದಾಹರಣೆಯಿಂದ ವಿವರಿಸುವುದು ಈ ಲೇಖನದ ಉದ್ದೇಶ.

ಕಲಾವಿಭಾಗದ ವಿದ್ಯಾರ್ಥಿಗೆ ಈ ಉಸಾಬರಿ ಏಕೆಂದು ಗೆಳೆಯರು ಕೇಳಬಹುದು. ಪಂಪರನ್ನರನ್ನು ಕುರಿತು ಬರೆಯತಕ್ಕ ಪುಟಗಳಲ್ಲಿ ತಂಗಳುಪೆಟ್ಟಿಗೆಯ ಪುರಾಣವೇ ಎಂದು ನಕ್ಕರೂ ನನಗೆ ಬೇಸರವಿಲ್ಲ. ಅರ್ಥಶಾಸ್ತ್ರದ ತರಗತಿಯಲ್ಲಿ ನಾವು ಶ್ರಮದ ಬೆಲೆಯನ್ನು ಕುರಿತು ಓದುತ್ತೇವೆ. ಆ ಬೆಲೆ ನಮ್ಮ ಅಡಿಗೆಮನೆಯಲ್ಲಿಯೇ ಹೇಗೆ ತಪ್ಪಾಗಿ ಎಣಿಕೆಯಾಗುತ್ತಿದೆ ಎಂಬುದನ್ನು ನೋಡುವುದೂ ಕಲಾವಿಭಾಗದ ಕೆಲಸವೇ ಎಂದು ನನ್ನ ಮತ.

ಥರ್ಮೋಸ್ಟಾಟ್ ಎಂಬುದು ಗ್ರೀಕ್ ಮೂಲದ ಶಬ್ದ. ಶಾಖವನ್ನು ಒಂದೆಡೆ ನಿಲ್ಲಿಸುವುದು ಎಂದು ಅದರ ಭಾವ. ೧೮೩೦ರಲ್ಲಿ ಸ್ಕಾಟ್‌ಲೆಂಡಿನ ರಸಾಯನಶಾಸ್ತ್ರಜ್ಞ ಆಂಡ್ರೂ ಯೂರ್ ಈ ಹೆಸರಿನ ಉಪಕರಣಕ್ಕೆ ಪೇಟೆಂಟ್ ಪಡೆದನು. ಆದರೆ ಆ ಕಲ್ಪನೆ ಅದಕ್ಕಿಂತಲೂ ಹಳೆಯದು. ಹದಿನೇಳನೆಯ ಶತಮಾನದ ಮೊದಲ ಭಾಗದಲ್ಲಿಯೇ ಕೊರ್ನೆಲಿಸ್ ಡ್ರೆಬೆಲ್ ಎಂಬ ಡಚ್ಚರವನು, ಮೊಟ್ಟೆಗಳಿಗೆ ಕಾವು ಕೊಡುವ ಪೆಟ್ಟಿಗೆಯಲ್ಲಿ ಬಿಸಿ ಹೆಚ್ಚಾದರೆ ಒಲೆಯ ಗಾಳಿಕಂಡಿ ತಾನಾಗಿಯೇ ಮುಚ್ಚಿಕೊಳ್ಳುವಂತೆ ಏರ್ಪಾಡು ಮಾಡಿದ್ದನು. ನಮ್ಮ ದೇಶದಲ್ಲಿ ಗೋದ್ರೆಜ್ ಕಂಪನಿಯವರು ಫ್ರಿಜ್ಜನ್ನು ತಯಾರಿಸತೊಡಗಿದುದು ೧೯೫೮ರಲ್ಲಿ. ಅಂದು ಶ್ರೀಮಂತರ ಮನೆಯ ಹಜಾರದಲ್ಲಿ ಅಲಂಕಾರಕ್ಕೆ ನಿಂತಿದ್ದ ಈ ಪೆಟ್ಟಿಗೆ ಇಂದು ನಮ್ಮಂಥವರ ಮನೆಗಳಿಗೂ, ಅನೇಕ ವೇಳೆ ಎರಡನೆಯ ಅಥವಾ ಮೂರನೆಯ ಕೈಯಿಂದ, ಬಂದು ಸೇರಿದೆ. ಹೀಗೆ ಕೈ ಬದಲಾಯಿಸಿ ಬಂದ ಫ್ರಿಜ್ಜಿಗೇ ದುರಸ್ತಿಯ ಅಗತ್ಯ ಹೆಚ್ಚು.

ನಾನು ಹೇಳುತ್ತಿರುವುದು ಒಂದೇ ಬಾಗಿಲಿನ, ಆಗಾಗ ಮಂಜು ಕರಗಿಸಬೇಕಾದ ಹಳೆಯ ಮಾದರಿಯ ವಿಷಯ. ಇದರ ಥರ್ಮೋಸ್ಟಾಟಿನ ರಚನೆ ಬಹು ಸರಳ. ಕಮ್ಮಾರನ ತಿದಿಯಂಥ ಪುಟ್ಟದೊಂದು ಲೋಹದ ತಿದಿ. ಅದಕ್ಕೆ ಅಂಟಿದ, ಹುಲ್ಲುಕಡ್ಡಿಯಷ್ಟು ಸಣ್ಣ ಕೊಳವೆ. ಎರಡರೊಳಗೂ ಬೇಗ ಆವಿಯಾಗುವ ಒಂದು ದ್ರವ. ಕೊಳವೆಯ ತುದಿಯನ್ನು ಫ್ರೀಜರಿನ ತಗಡಿಗೆ ಒತ್ತಿ ಬಿಗಿದಿರುತ್ತಾರೆ. ಫ್ರೀಜರ್ ಬೆಚ್ಚಗಾದರೆ ಒಳಗಿನ ಆವಿಯ ಒತ್ತಡ ಏರಿ ತಿದಿ ಉಬ್ಬುತ್ತದೆ. ಎದುರಿಗಿರುವ ಸ್ಪ್ರಿಂಗನ್ನು ತಳ್ಳುತ್ತದೆ. ವಿದ್ಯುತ್ತಿನ ಸಂಪರ್ಕ ಕೂಡಿ ಕಂಪ್ರೆಸರ್ ಓಡತೊಡಗುತ್ತದೆ. ತಣ್ಣಗಾದಾಗ ತಿದಿ ಕುಗ್ಗಿ ಸಂಪರ್ಕ ಕಡಿಯುತ್ತದೆ. ನಾವು ಹೊರಗಿನಿಂದ ತಿರುಗಿಸುವ ಗುಬುಟು ಆ ಸ್ಪ್ರಿಂಗಿನ ಬಿಗಿಯನ್ನು ಬದಲಾಯಿಸುತ್ತದೆ, ಅಷ್ಟೇ. ಅದರ ಮೇಲೆ ಬರೆದಿರುವ ೧, ೨, ೩ ಎಂಬ ಅಂಕಿಗಳು ಡಿಗ್ರಿಗಳಲ್ಲ. ಅಂಕಿ ಹೆಚ್ಚಾದರೆ ತಂಪು ಹೆಚ್ಚು ಎಂಬುದಕ್ಕಿಂತ ಹೆಚ್ಚಿನ ಅರ್ಥ ಅವಕ್ಕೆ ಇಲ್ಲ. ಎರಡು ಮನೆಗಳಲ್ಲಿ ಗುಬುಟು ಮೂರರಲ್ಲಿದ್ದರೂ ಒಂದರಲ್ಲಿ ಹಾಲು ಒಡೆಯಬಹುದು, ಇನ್ನೊಂದರಲ್ಲಿ ಸೊಪ್ಪು ಮಂಜುಗಟ್ಟಬಹುದು.

ಹಾಗಾದರೆ ಹೊಸ ಥರ್ಮೋಸ್ಟಾಟ್ ಹಾಕಿದೊಡನೆ ಫ್ರಿಜ್ಜು ಏಕೆ ಸರಿಹೋಗುವುದಿಲ್ಲ? ಇದಕ್ಕೆ ಮೂರು ಕಾರಣಗಳು ನನಗೆ ಮುಖ್ಯವಾಗಿ ಕಾಣುತ್ತವೆ.

ಮೊದಲನೆಯದು, ಥರ್ಮೋಸ್ಟಾಟುಗಳಲ್ಲಿಯೇ ಜಾತಿಗಳುಂಟು. ಕೆಲವದರಲ್ಲಿ ಗುಬುಟನ್ನು ತಿರುಗಿಸಿದರೆ ಕಂಪ್ರೆಸರ್ ಓಡತೊಡಗುವ ಮಟ್ಟ, ನಿಲ್ಲುವ ಮಟ್ಟ ಎರಡೂ ಒಟ್ಟಿಗೆ ಸರಿಯುತ್ತವೆ. ಕೆಲವದರಲ್ಲಿ ಓಡತೊಡಗುವ ಮಟ್ಟ ಸೊನ್ನೆ ಡಿಗ್ರಿಗಿಂತ ಮೇಲೆ ಒಂದೇ ಕಡೆ ನಿಂತಿರುತ್ತದೆ. ಪ್ರತಿ ಸಲವೂ ತಗಡಿನ ಮೇಲಿನ ಮಂಜು ಕರಗಿದ ಮೇಲೆಯೇ ಯಂತ್ರ ಮತ್ತೆ ಓಡಲೆಂದು ಹೀಗೆ ಮಾಡಿರುತ್ತಾರೆ. ಮತ್ತೆ ಕೆಲವದರ ಗುಬುಟಿನ ನಡುವೆ ಮಂಜು ಕರಗಿಸುವ ಗುಂಡಿ ಇರುತ್ತದೆ. ‘ಎಲ್ಲಕ್ಕೂ ಆಗುತ್ತದೆ’ ಎಂದು ಅಂಗಡಿಯವನು ಕೊಟ್ಟದ್ದು ನಮ್ಮ ಫ್ರಿಜ್ಜಿನ ಜಾತಿಯದೇ ಎಂಬುದಕ್ಕೆ ಭರವಸೆ ಇಲ್ಲ. ಜಾತಿ ತಪ್ಪಿದರೆ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ.

ಎರಡನೆಯದು, ಹೊಸ ಭಾಗವನ್ನು ಕಾರ್ಖಾನೆಯಲ್ಲಿ ಒಂದು ಮಟ್ಟಕ್ಕೆ ಕೂರಿಸಿ ಕಳುಹಿಸಿರುತ್ತಾರೆ. ಅದು ಹೋಗಿ ಸೇರುವ ಪೆಟ್ಟಿಗೆಗೋ ಇಪ್ಪತ್ತು ವರ್ಷ ವಯಸ್ಸಾಗಿರುತ್ತದೆ. ಬಾಗಿಲಿನ ರಬ್ಬರಿನ ಗ್ಯಾಸ್ಕೆಟ್ ಸಡಿಲಾಗಿರಬಹುದು. ಹಿಂದಿನ ಜಾಲರಿಯಲ್ಲಿ ಧೂಳು ಕೂತಿರಬಹುದು. ಕೊಳವೆಯ ತುದಿಯನ್ನು ಹಿಡಿಯುವ ಕ್ಲಿಪ್ಪು ತುಕ್ಕು ಹಿಡಿದಿರಬಹುದು. ತುದಿ ತಗಡಿಗೆ ಚೆನ್ನಾಗಿ ತಾಗದಿದ್ದರೆ ಒಳಗೆ ಎಷ್ಟು ತಂಪಾದರೂ ಥರ್ಮೋಸ್ಟಾಟಿಗೆ ಸುದ್ದಿ ಮುಟ್ಟುವುದಿಲ್ಲ. ಕಂಪ್ರೆಸರ್ ನಿಲ್ಲದೆ ಓಡುತ್ತದೆ. ಕೊಳವೆ ಮಡಿಸಿ ಮುರಿದು ಒಳಗಿನ ಆವಿ ಹೊರಟುಹೋದರೆ ಅದು ಓಡುವುದೇ ಇಲ್ಲ.

ಮೂರನೆಯ ಕಾರಣ ನಮ್ಮ ನಾಡಿನವರು ವಿಶೇಷವಾಗಿ ಗಮನಿಸತಕ್ಕದ್ದು. ತಿದಿಯ ಒಳಗೆ ಆವಿಯ ಒತ್ತಡವಿರುವಂತೆ ಹೊರಗೆ ವಾತಾವರಣದ ಒತ್ತಡವೂ ಇದೆಯಷ್ಟೆ. ಊರು ಎತ್ತರದಲ್ಲಿದ್ದಷ್ಟೂ ಈ ಹೊರಗಿನ ಒತ್ತಡ ಕಡಿಮೆ. ಮಂಗಳೂರು ಕಡಲ ಮಗ್ಗುಲಲ್ಲಿದೆ. ಬೆಂಗಳೂರು ಸುಮಾರು ೯೦೦ ಮೀಟರ್ ಎತ್ತರದಲ್ಲಿದೆ. ಮಡಿಕೇರಿ ಅದಕ್ಕಿಂತಲೂ ಮೇಲಿದೆ. ಬೆಂಗಳೂರಿನಷ್ಟು ಎತ್ತರದಲ್ಲಿ ವಾತಾವರಣದ ಒತ್ತಡ ಕಡಲತೀರದಲ್ಲಿರುವುದಕ್ಕಿಂತ ಸುಮಾರು ನೂರಕ್ಕೆ ಹತ್ತರಷ್ಟು ಕಡಿಮೆ. ಹೊರಗಿನಿಂದ ಅದುಮುವ ಬಲ ಕಡಿಮೆಯಾದುದರಿಂದ ತಿದಿ ಕುಗ್ಗುವುದು ತಡವಾಗುತ್ತದೆ; ಕಂಪ್ರೆಸರ್ ಹೆಚ್ಚು ಹೊತ್ತು ಓಡುತ್ತದೆ; ಕಡಲಮಟ್ಟಕ್ಕೆ ಸರಿಯಾಗಿ ಕೂರಿಸಿದ ಥರ್ಮೋಸ್ಟಾಟ್ ಘಟ್ಟದ ಮೇಲೆ ಬೇಕಾದುದಕ್ಕಿಂತ ಹೆಚ್ಚು ತಂಪು ಮಾಡುತ್ತದೆ. ಭಾಗ ಕೆಟ್ಟಿಲ್ಲ, ಫ್ರಿಜ್ಜೂ ಕೆಟ್ಟಿಲ್ಲ. ಇವೆರಡಕ್ಕೂ ಊರಿಗೂ ಇನ್ನೂ ಹೊಂದಿಕೆಯಾಗಿಲ್ಲ.

ಈ ಹೊಂದಿಕೆಯನ್ನು ಮಾಡುವ ಕ್ರಮವೂ ಸರಳವೇ. ಆದರೆ ಅದಕ್ಕೆ ತಾಳ್ಮೆ ಬೇಕು. ಮೊದಲು ಬಾಗಿಲಿನ ಸಂದಿಗೆ ಒಂದು ಕಾಗದವನ್ನು ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆದು ನೋಡಬೇಕು. ಅದು ಸಲೀಸಾಗಿ ಬಂದರೆ ದೋಷ ಗ್ಯಾಸ್ಕೆಟ್ಟಿನದು. ಥರ್ಮೋಸ್ಟಾಟನ್ನು ತಿರುಗಿಸುವುದು ವ್ಯರ್ಥ. ಅದು ಸರಿಯಾಗಿದ್ದರೆ ಒಂದು ಲೋಟ ನೀರನ್ನು ನಡುವಿನ ಅಂತಸ್ತಿನಲ್ಲಿಟ್ಟು, ಅದರಲ್ಲಿ ಉಷ್ಣಮಾಪಕವನ್ನು ಅದ್ದಿ, ರಾತ್ರಿಯೆಲ್ಲ ಬಿಟ್ಟು, ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಓದಬೇಕು. ಬರಿಯ ಗಾಳಿಯನ್ನು ಅಳೆದರೆ ಬಾಗಿಲು ತೆಗೆದಾಗಲೆಲ್ಲ ಲೆಕ್ಕ ಹಾರಿಹೋಗುತ್ತದೆ. ನೀರು ಬೇಗ ಬದಲಾಗುವುದಿಲ್ಲ. ಆಹಾರವನ್ನು ೫ ಡಿಗ್ರಿಗಿಂತ ಕೆಳಗೆ ಇಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದುದರಿಂದ ಲೋಟದ ನೀರು ೩-೪ ಡಿಗ್ರಿಯಲ್ಲಿದ್ದರೆ ಉತ್ತಮ. ಇಲ್ಲವಾದರೆ ಮೊದಲು ಗುಬುಟನ್ನು ಬದಲಾಯಿಸಿ ನೋಡತಕ್ಕದ್ದು. ಗುಬುಟಿನಿಂದ ಆಗದಿದ್ದಾಗ ಮಾತ್ರ ಒಳಗಿನ ಹೊಂದಾಣಿಕೆಯ ತಿರುಪಿಗೆ ಕೈಹಾಕಬೇಕು: ವಿದ್ಯುತ್ ಪ್ಲಗ್ಗನ್ನು ಕಿತ್ತು, ತಿರುಪು ಮೊದಲಿದ್ದ ಸ್ಥಾನವನ್ನು ಗುರುತು ಮಾಡಿಕೊಂಡು, ಕಾಲು ಸುತ್ತು ಮಾತ್ರ ತಿರುಗಿಸಿ, ಮತ್ತೆ ಒಂದು ದಿನ ಕಾಯಬೇಕು. ಕೆಲವದರಲ್ಲಿ ಓಡುವ ಮಟ್ಟಕ್ಕೂ ನಿಲ್ಲುವ ಮಟ್ಟಕ್ಕೂ ನಡುವಣ ಅಂತರವನ್ನು ಬದಲಾಯಿಸುವ ಇನ್ನೊಂದು ತಿರುಪಿರುತ್ತದೆ. ಅದನ್ನು ತಿಳಿಯದೆ ಮುಟ್ಟಬಾರದು. ಅಂತರ ತೀರ ಕಿರಿದಾದರೆ ಕಂಪ್ರೆಸರ್ ಮೇಲಿಂದ ಮೇಲೆ ನಿಂತು ಹೊರಡುತ್ತ ಬೇಗ ಸವೆಯುತ್ತದೆ. ಯಾವ ತಿರುಪು ಯಾವ ಕಡೆ ತಿರುಗಿದರೆ ಏನಾಗುವುದೆಂಬುದು ತಯಾರಕರಿಂದ ತಯಾರಕರಿಗೆ ಬೇರೆ. ಆದ್ದರಿಂದ ಒಳಗಿನ ತಿರುಪಿನ ಕೆಲಸ ತಿಳಿದವರದೇ. ಆದರೆ ಲೋಟದ ನೀರನ್ನು ಓದುವ ಕೆಲಸ ಮನೆಯವರದು.

ಈ ವಿಷಯ ನನ್ನ ಮನಸ್ಸಿಗೆ ನಾಟಿದುದಕ್ಕೆ ಕಾರಣ ನಮ್ಮ ಅಜ್ಜಿಯ ಇನ್ಸುಲಿನ್. ನಮ್ಮದು ಘಟ್ಟದ ಮೇಲಿನ ಊರು. ನಮ್ಮ ಮನೆಯ ಫ್ರಿಜ್ಜು ಬೇರೆಯವರು ಬಳಸಿ ಕೊಟ್ಟದ್ದು. ಅದನ್ನು ಕೊಂಡದ್ದು ಐಸ್‌ಕ್ರೀಮಿಗಾಗಿ ಅಲ್ಲ, ಆ ಔಷಧಿಗಾಗಿ. ಬಳಸಲು ತೆಗೆಯದ ಇನ್ಸುಲಿನ್ನನ್ನು ೨ರಿಂದ ೮ ಡಿಗ್ರಿಯೊಳಗೆ ಇಡಬೇಕು. ಅದು ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೆ ಎಷ್ಟು ತಿಳಿಯಾಗಿ ಕಂಡರೂ ಬಳಸತಕ್ಕದ್ದಲ್ಲ. ಹೋದ ವರ್ಷ ಥರ್ಮೋಸ್ಟಾಟ್ ಕೆಟ್ಟಿತು. ಮೆಕ್ಯಾನಿಕ್ ಬಂದು ಹೊಸದನ್ನು ಹಾಕಿ ಹೋದರು. ಎರಡು ದಿನಗಳಲ್ಲಿ ಮೇಲಿನ ಅಂತಸ್ತಿನ ಹಾಲಿನ ಪೊಟ್ಟಣ ಕಲ್ಲಾಗಿತ್ತು. ಪಕ್ಕದಲ್ಲಿದ್ದ ಇನ್ಸುಲಿನ್ ಸೀಸೆಗಳೂ ಹೆಪ್ಪುಗಟ್ಟಿದ್ದುವು. ಆ ತಿಂಗಳ ಔಷಧಿಯೆಲ್ಲ ಚರಂಡಿಗೆ ಹೋಯಿತು. ನೋಡಿದವರೆಲ್ಲ ‘ಈ ಹಳೇ ಡಬ್ಬ ಬಿಸಾಕಿ ಕಂತಿನ ಮೇಲೆ ಹೊಸದು ತನ್ನಿ’ ಎಂದರು. ಕಂತಿನ ಲೆಕ್ಕ ಹಾಕಿ ನೋಡಿದಾಗ, ಅದು ನನ್ನ ತಂಗಿಯ ಕಾಲೇಜಿನ ಶುಲ್ಕದ ಮೇಲೆಯೇ ಬಂದು ಕೂರುವಂತಿತ್ತು.

ಹೇಳಿಕಳುಹಿಸಿದಾಗ ಆ ಮೆಕ್ಯಾನಿಕ್ ಮತ್ತೆ ಬಂದರು. ಉಷ್ಣಮಾಪಕವನ್ನು ಜೇಬಿನಿಂದ ತೆಗೆದು ಲೋಟದ ನೀರಿನಲ್ಲಿಟ್ಟವರು ಅವರೇ. ‘ಘಟ್ಟದ ಕೆಳಗೆ ಈ ಪಾರ್ಟು ಸರಿಯಾಗೇ ಕೂರುತ್ತೆ. ನಮ್ಮ ಕಡೆ ಸ್ವಲ್ಪ ಜಾಸ್ತಿ ಹೊಡೆಯುತ್ತೆ’ ಎಂದರು. ವಾತಾವರಣದ ಒತ್ತಡದ ಪಾಠವನ್ನು ಅವರು ಯಾವ ಪುಸ್ತಕದಲ್ಲಿಯೂ ಓದಿದವರಲ್ಲ. ಹತ್ತಾರು ಮನೆಗಳ ಫ್ರಿಜ್ಜುಗಳಿಂದ ಓದಿಕೊಂಡಿದ್ದರು. ಮೊದಲ ಬೆಳಿಗ್ಗೆ ನಡುವಿನ ಅಂತಸ್ತಿನ ಲೋಟ ೧ ಡಿಗ್ರಿ ತೋರಿಸಿತು. ಕಾಲು ಸುತ್ತು ತಿರುಗಿಸಿದರು. ಈಗಲೇ ಸರಿಹೋಯಿತೇ ಎಂದು ನಾನು ಕೇಳಿದ್ದಕ್ಕೆ, ‘ಇವತ್ತು ತಿರುಗಿಸಿದ್ದಕ್ಕೆ ಇವತ್ತೇ ಉತ್ತರ ಬರಲ್ಲ ತಮ್ಮಾ. ನಾಳೆ ಬೆಳಿಗ್ಗೆ ನೋಡಿ ಫೋನ್ ಮಾಡು’ ಎಂದರು. ಮರುದಿನ ಎರಡೂವರೆ ತೋರಿಸಿತು. ಮತ್ತೆ ಬಂದು ಇನ್ನೊಂದಿಷ್ಟು ತಿರುಗಿಸಿದರು. ಅದರ ಮರುದಿನ ೪ ಡಿಗ್ರಿಗೆ ಬಂದು ನಿಂತಿತು. ಹೊಸ ಸೀಸೆಗಳನ್ನು ಫ್ರೀಜರಿನಿಂದ ದೂರ, ನಡುವಿನ ಅಂತಸ್ತಿನ ಮುಂಭಾಗದಲ್ಲಿ ಇಡಬೇಕೆಂದು ಜಾಗ ತೋರಿಸಿಕೊಟ್ಟವರೂ ಅವರೇ.

ಅಜ್ಜಿ ‘ಎಷ್ಟಾಯ್ತಪ್ಪಾ?’ ಎಂದು ಕೇಳಿದರು. ‘ಪಾರ್ಟಿಗೆ ಅವತ್ತೇ ಕೊಟ್ಟಿದ್ದೀರಲ್ಲಜ್ಜಿ. ಸ್ಕ್ರೂ ತಿರುಗಿಸಿದ್ದಕ್ಕೇನು ದುಡ್ಡು?’ ಎಂದು ಅವರು ಚೀಲ ಎತ್ತಿಕೊಂಡರು. ಅಜ್ಜಿ ಬಿಡಲಿಲ್ಲ. ‘ಮೂರು ಸಲ ಓಡಾಡಿದ್ದೀಯ. ನಿನ್ನ ಹೊತ್ತಿಗೆ ಬೆಲೆ ಇಲ್ಲವೇನಪ್ಪಾ?’ ಎಂದು ಬಲವಂತವಾಗಿ ಕೈಯಲ್ಲಿಟ್ಟರು.

ನಮ್ಮ ಮನೆಯಲ್ಲಿ ಪದವಿಯ ತರಗತಿಗೆ ಬಂದವನು ನಾನೇ ಮೊದಲಿಗ. ಓದು ಬಾರದ ಅಜ್ಜಿ ಅಂದು ಕೇಳಿದ ಪ್ರಶ್ನೆ ನನ್ನ ಅರ್ಥಶಾಸ್ತ್ರದ ಟಿಪ್ಪಣಿಗಳಲ್ಲಿ ಎಲ್ಲಿಯೂ ಅಷ್ಟು ಸ್ಪಷ್ಟವಾಗಿ ಇಲ್ಲ. ವಸ್ತುವಿಗೆ ಬೆಲೆ ಉಂಟು, ತಿಳಿವಳಿಕೆಗೆ ಬೆಲೆಯಿಲ್ಲ ಎಂಬ ಭಾವನೆ ಗಿರಾಕಿಗಳಲ್ಲಿ ಬೇರೂರಿರುವುದಷ್ಟೇ ಅಲ್ಲ, ಕೆಲಸಗಾರರೂ ಅದನ್ನೇ ನಂಬಿಬಿಟ್ಟಿದ್ದಾರೆ. ವೈದ್ಯರು ಔಷಧಿಯ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡಿದರೆ ಅದನ್ನು ವಿದ್ಯೆ ಎನ್ನುತ್ತೇವೆ. ಮೆಕ್ಯಾನಿಕ್ ತಿರುಪನ್ನು ಕಾಲು ಸುತ್ತು ತಿರುಗಿಸಿದರೆ ಅದನ್ನು ಉಪಕಾರ ಎನ್ನುತ್ತೇವೆ. ಎರಡರಲ್ಲಿಯೂ ಅಳತೆ ಇದೆ, ಕಾಯುವಿಕೆ ಇದೆ, ಅನುಭವ ಇದೆ. ಎರಡನೆಯ ಸಲ ಬಂದುದಕ್ಕೆ ಕೂಲಿ ಸಿಗದಿದ್ದರೆ ಹೊಟ್ಟೆಪಾಡಿನ ಮನುಷ್ಯ ಎರಡನೆಯ ಸಲ ಏಕೆ ಬರಬೇಕು? ಆತನು ಬಾರದಿದ್ದರೆ ‘ಹಳೆಯದು ಕೆಟ್ಟಿತು’ ಎಂಬ ತೀರ್ಪು ಸುಲಭವಾಗಿ ಹೊರಬೀಳುತ್ತದೆ.

ಇದಕ್ಕೆ ಎದುರಾಗಿ ಒಂದು ನ್ಯಾಯವಾದ ವಾದವುಂಟು. ಹಳೆಯ ಫ್ರಿಜ್ಜು ವಿದ್ಯುತ್ತನ್ನು ಹೆಚ್ಚು ತಿನ್ನುತ್ತದೆ. ೨೦೦೬ರಲ್ಲಿ ನಕ್ಷತ್ರದ ಗುರುತಿನ ಪದ್ಧತಿ ಬಂದ ಮೇಲೆ ಹೊಸ ಮಾದರಿಗಳು ಮಿತವ್ಯಯದವಾಗಿವೆ. ಹಳೆಯದಕ್ಕೆ ಜೋತುಬೀಳುವುದು ಜಾಣತನವಲ್ಲ ಎಂಬುದು ಆ ವಾದ. ಒಳಗೋಡೆಯ ಶಾಖನಿರೋಧಕ ಹಾಳಾಗಿ ಹೊರಮೈಯೇ ಬೆವರುವ ಫ್ರಿಜ್ಜನ್ನೂ, ಕಂಪ್ರೆಸರ್ ಸೋತ ಫ್ರಿಜ್ಜನ್ನೂ ಉಳಿಸಿಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಥರ್ಮೋಸ್ಟಾಟನ್ನು ಸರಿಯಾಗಿ ಕೂರಿಸದ ಫ್ರಿಜ್ಜು ಬೇಕಾದುದಕ್ಕಿಂತ ಹೆಚ್ಚು ಓಡಿ ಹೆಚ್ಚು ವಿದ್ಯುತ್ತನ್ನು ತಿನ್ನುತ್ತದೆ ಎಂಬುದನ್ನು ಮರೆಯಬಾರದು. ಮೊದಲು ಹೊಂದಿಸಿ, ಅಳೆದು, ಅನಂತರ ತೀರ್ಪು ಕೊಡುವುದು ನ್ಯಾಯ. ಮೇಲಾಗಿ, ಬಿಸಾಡಿದ ಮಾತ್ರಕ್ಕೆ ಅದು ಇಲ್ಲವಾಗುವುದಿಲ್ಲ. ತೀರ ಹಳೆಯ ಫ್ರಿಜ್ಜುಗಳಲ್ಲಿರುವ ಆರ್-೧೨ ಎಂಬ ಅನಿಲ ಓಜೋನ್ ಪದರಕ್ಕೆ ಹಾನಿಕರವೆಂದೇ ೧೯೮೭ರ ಮಾಂಟ್ರಿಯಲ್ ಒಪ್ಪಂದ ಅಂಥ ಅನಿಲಗಳಿಗೆ ಕಡಿವಾಣ ಹಾಕಿತು. ಗುಜರಿಯಲ್ಲಿ ತಾಮ್ರದ ಆಸೆಗೆ ಕೊಳವೆ ಕತ್ತರಿಸಿದರೆ ಒಳಗಿರುವ ಅನಿಲವೆಲ್ಲ ಗಾಳಿಗೆ ಸೇರುತ್ತದೆ.

ಸರಕಾರಗಳು ಈ ವಿಷಯದಲ್ಲಿ ಕಣ್ಣುಮುಚ್ಚಿ ಕುಳಿತಿಲ್ಲ. ಯುರೋಪಿನ ಒಕ್ಕೂಟದಲ್ಲಿ ೨೦೨೧ರ ಮಾರ್ಚಿಯಿಂದ ಜಾರಿಗೆ ಬಂದ ನಿಯಮದ ಪ್ರಕಾರ, ಫ್ರಿಜ್ಜಿನ ಒಂದು ಮಾದರಿಯ ಕೊನೆಯ ಪ್ರತಿ ಮಾರುಕಟ್ಟೆಗೆ ಬಂದ ಮೇಲೂ ಕನಿಷ್ಠ ಏಳು ವರ್ಷ ಅದರ ಥರ್ಮೋಸ್ಟಾಟ್ ದುರಸ್ತಿಗಾರರಿಗೆ ದೊರೆಯುವಂತಿರಬೇಕು. ನಮ್ಮ ದೇಶದಲ್ಲಿಯೂ ದುರಸ್ತಿಯ ಹಕ್ಕನ್ನು ಕುರಿತು ೨೦೨೨ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಒಂದು ಸಮಿತಿಯನ್ನು ನೇಮಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಇದಕ್ಕಾಗಿ ಒಂದು ಜಾಲತಾಣವೂ ಆರಂಭವಾಯಿತು. ಇವೆಲ್ಲ ಸ್ವಾಗತಾರ್ಹವೇ. ಆದರೆ ಕಾನೂನು ಬಿಡಿಭಾಗವನ್ನು ದೊರಕಿಸಿಕೊಡಬಲ್ಲುದೇ ಹೊರತು, ಅದನ್ನು ಹೊಂದಿಸುವವನ ಹೊತ್ತಿಗೆ ಬೆಲೆ ಕಟ್ಟಲಾರದು. ಅದು ಗಿರಾಕಿಗಳಾದ ನಮ್ಮ ಕೈಯಲ್ಲಿದೆ.

ಆದುದರಿಂದ ನನ್ನ ಸಲಹೆಗಳು ಇಷ್ಟು. ದುರಸ್ತಿಯ ಬಿಲ್ಲಿನಲ್ಲಿ ಭಾಗದ ಬೆಲೆ ಬೇರೆ, ಹೊಂದಿಸಿದ ಕೂಲಿ ಬೇರೆ ಎಂದು ಎರಡು ಸಾಲುಗಳಿರಲಿ. ಎರಡನೆಯ ಭೇಟಿಯ ಹಣವನ್ನು ಮೊದಲೇ ಮಾತಾಡಿಕೊಳ್ಳೋಣ. ಫ್ರಿಜ್ಜಿರುವ ಪ್ರತಿ ಮನೆಯಲ್ಲಿಯೂ ಒಂದು ಉಷ್ಣಮಾಪಕವಿರಲಿ. ಬಾಗಿಲಿಗೆ ಅಂಟಿಸಿದ ಚೀಟಿಯಲ್ಲಿ ತಾರೀಖು, ಗುಬುಟಿನ ಅಂಕಿ, ಲೋಟದ ಡಿಗ್ರಿ ಈ ಮೂರನ್ನೂ ಬರೆದಿಡೋಣ. ಬೇಸಗೆಗೂ ಮಳೆಗಾಲಕ್ಕೂ ಅಡಿಗೆಮನೆಯ ಬಿಸಿಯೇ ಬೇರೆಯಾಗುವುದರಿಂದ ಋತು ಬದಲಾದಾಗ ಮತ್ತೊಮ್ಮೆ ಅಳೆಯೋಣ. ಇನ್ಸುಲಿನ್ ಇಡುವ ಮನೆಗಳಲ್ಲಂತೂ ಇದು ಕಡ್ಡಾಯವೆಂದು ತಿಳಿಯತಕ್ಕದ್ದು. ಕೊನೆಯದಾಗಿ, ನಮ್ಮ ಕಾಲೇಜಿನ ಸಂಘಗಳು ಸಾಹಿತಿಗಳನ್ನೂ ಅಧಿಕಾರಿಗಳನ್ನೂ ಭಾಷಣಕ್ಕೆ ಕರೆಯುತ್ತವೆ. ವರ್ಷಕ್ಕೊಂದು ಶನಿವಾರ ಊರಿನ ಒಬ್ಬ ಮೆಕ್ಯಾನಿಕ್ಕನ್ನೋ ಎಲೆಕ್ಟ್ರಿಷಿಯನ್ನನ್ನೋ ಕರೆದು, ಹಾರ ಹಾಕದಿದ್ದರೂ ಚಿಂತೆಯಿಲ್ಲ, ಅವರು ಬಲ್ಲುದನ್ನು ಅವರ ಬಾಯಿಂದಲೇ ಕೇಳಬಾರದೇಕೆ?

ಮುಂದಿನ ಸಂಚಿಕೆ ಹೊರಬರುವ ವೇಳೆಗೆ ನಾನು ಈ ಕಾಲೇಜಿನಲ್ಲಿರುವುದಿಲ್ಲ. ಆ ಸಂಚಿಕೆಯಲ್ಲಿ ಅಂಥವರೊಬ್ಬರು ಹೇಳಿ ವಿದ್ಯಾರ್ಥಿಯೊಬ್ಬನು ಬರೆದುಕೊಂಡ ಎರಡು ಪುಟಗಳಿದ್ದರೆ, ಎಲ್ಲಿದ್ದರೂ ಅದನ್ನು ತರಿಸಿಕೊಂಡು ಓದುವೆನು.